ಹೊಟ್ಟೆಯ ಬ್ಯಾಕ್ಟೀರಿಯಾಗಳಿಗೆ ಹೊಸ ಹೆಸರು: ಗೊಂದಲ ಎಲ್ಲಿಂದ ಬಂತು, ನಾವು ನೋಡಬೇಕಾದ್ದು ಏನು?

ಮೈಸೂರಿನ ಮೆಡಿಕಲ್ ಸ್ಟೋರ್‌ನಲ್ಲಿ ಪ್ರೋಬಯಾಟಿಕ್ ಕ್ಯಾಪ್ಸೂಲ್ (ಹೊಟ್ಟೆಗೆ ಒಳ್ಳೆಯದೆಂದು ನುಂಗುವ ಜೀವಂತ ಬ್ಯಾಕ್ಟೀರಿಯಾ) ಕೇಳಿದರೆ ಎರಡು ಮೂರು ಕಂಪನಿಯ ಸ್ಟ್ರಿಪ್‌ಗಳನ್ನು ಮುಂದಿಡುತ್ತಾರೆ. ಒಂದರ ಹಿಂದೆ ‘ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್’ ಎಂದಿರಬಹುದು. ಇನ್ನೊಂದರ ಹಿಂದೆ ‘ಲ್ಯಾಕ್ಟಿಕೇಸಿಬ್ಯಾಸಿಲಸ್ ರಾಮ್ನೋಸಸ್’ ಎಂದಿರಬಹುದು. ಆಸ್ಪತ್ರೆಯ ಹಳೇ ಲ್ಯಾಬ್ ರಿಪೋರ್ಟಿನಲ್ಲಿ ‘ಕ್ಲಾಸ್ಟ್ರಿಡಿಯಂ ಡಿಫಿಸಿಲ್’ ಎಂದಿದ್ದದ್ದು ಈಗ ‘ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್’ ಆಗಿದೆ. ಮಲದ ಮಾದರಿ ಕಳಿಸಿ ‘ಗಟ್ ಟೆಸ್ಟ್’ ಮಾಡಿಸಿಕೊಂಡವರು ‘ಫರ್ಮಿಕ್ಯೂಟ್ಸ್’ ಎಂಬ ದೊಡ್ಡ ಬ್ಯಾಕ್ಟೀರಿಯಾ ಗುಂಪಿನ ಬಗ್ಗೆ ಓದಿಕೊಂಡಿರುತ್ತಾರೆ, ವರದಿಯಲ್ಲಿ ನೋಡಿದರೆ ಅದೇ ಗುಂಪಿಗೆ ‘ಬ್ಯಾಸಿಲೋಟಾ’ ಎಂದಿರುತ್ತದೆ.

ಇದರ ಜೊತೆಗೆ ಆಗಾಗ ಸುದ್ದಿಯೂ ಬರುತ್ತದೆ: ಕರುಳಿನ ಬ್ಯಾಕ್ಟೀರಿಯಾಗಳ ಮರುವಿಂಗಡಣೆ, ಹೊಸ ಪ್ರಭೇದ ಪತ್ತೆ, ಹಳೇ ಹೆಸರು ರದ್ದು. ಓದಿದವರಿಗೆ ಸಹಜವಾಗಿ ಅನುಮಾನ ಬರುತ್ತದೆ. ಇಷ್ಟು ದಿನ ನುಂಗಿದ್ದು ತಪ್ಪು ಮಾತ್ರೆಯೇ? ಹೊಸ ಹೆಸರಿನದು ಹೊಸ ಔಷಧಿಯೇ? ಎರಡಕ್ಕೂ ಉತ್ತರ ‘ಅಲ್ಲ’. ಬ್ಯಾಕ್ಟೀರಿಯಾ ಅದೇ, ಅದು ಮಾಡುವ ಕೆಲಸವೂ ಅದೇ. ಆದರೆ ‘ಹೆಸರು ತಾನೇ, ಬಿಡಿ’ ಎಂದು ತಳ್ಳಿಹಾಕುವ ಹಾಗೂ ಇಲ್ಲ. ಕೆಲವು ಕಡೆ ಈ ಹೆಸರು ರೋಗಿಯ ಚಿಕಿತ್ಸೆಗೇ ತಾಗುತ್ತದೆ.

ಹಳೇ ವಿಂಗಡಣೆ ಯಾವುದರ ಮೇಲೆ ನಿಂತಿತ್ತು

ಬ್ಯಾಕ್ಟೀರಿಯಾದ ಹೆಸರಿನಲ್ಲಿ ಎರಡು ಪದ ಇರುತ್ತವೆ. ಮೊದಲನೆಯದು ಕುಲದ್ದು, ಎರಡನೆಯದು ಪ್ರಭೇದದ್ದು. ಒಂದೇ ಪ್ರಭೇದದೊಳಗೆ ಮತ್ತೆ ಬೇರೆ ಬೇರೆ ತಳಿಗಳಿರುತ್ತವೆ. ಈ ‘ತಳಿ’ ಪದವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜೀನ್ ಓದುವ ವಿದ್ಯೆ ಇಲ್ಲದ ಕಾಲದಲ್ಲಿ ವಿಜ್ಞಾನಿಗಳ ಬಳಿ ಇದ್ದದ್ದು ಸೂಕ್ಷ್ಮದರ್ಶಕ, ಬಣ್ಣ ಮತ್ತು ಸಕ್ಕರೆ. ಕೋಲಿನಂತಿದೆಯೋ ಗುಂಡಗಿದೆಯೋ ನೋಡುತ್ತಿದ್ದರು. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಕಂಡುಹಿಡಿದ ಬಣ್ಣದ ಪರೀಕ್ಷೆ ಮಾಡುತ್ತಿದ್ದರು. ಯಾವ ಸಕ್ಕರೆಯನ್ನು ಹುಳಿಯಾಗಿಸುತ್ತದೆ, ಗ್ಯಾಸ್ ಬಿಡುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. 1901ರಲ್ಲಿ ಬೈಯರಿಂಕ್ ಎಂಬ ಡಚ್ ವಿಜ್ಞಾನಿ ‘ಲ್ಯಾಕ್ಟೋಬ್ಯಾಸಿಲಸ್’ ಕುಲವನ್ನು ಹೆಸರಿಸಿದರು. ಕೋಲಿನ ಆಕಾರ, ಗ್ರಾಮ್ ಬಣ್ಣ ಹಿಡಿಯುವ ಗುಣ, ಲ್ಯಾಕ್ಟಿಕ್ ಆಮ್ಲ ತಯಾರಿಸುವ ಶಕ್ತಿ ಇದ್ದರೆ ಸಾಕು, ಅಲ್ಲಿಗೆ ಸೇರಿಸಿದರು. ನೂರು ವರ್ಷ ಹೀಗೇ ಸೇರಿಸುತ್ತಾ ಹೋದರು. 2020ರ ಹೊತ್ತಿಗೆ ಅದರಲ್ಲಿ 261 ಪ್ರಭೇದಗಳಾದವು. ಒಂದೇ ಕುಲ ಎಂದು ಕರೆಸಿಕೊಳ್ಳುತ್ತಿದ್ದರೂ ಅವುಗಳೊಳಗಿನ ವ್ಯತ್ಯಾಸ ಒಂದು ಇಡೀ ಕುಟುಂಬದಲ್ಲಿ (ಹಲವು ಕುಲಗಳು ಸೇರಿದ ಗುಂಪಿನಲ್ಲಿ) ಇರುವುದಕ್ಕಿಂತ ಜಾಸ್ತಿ ಇತ್ತು.

ಹಳೇ ಪರೀಕ್ಷೆಗಳೆಲ್ಲ ಸುಳ್ಳು ಎಂದಲ್ಲ. ತಾಯಿಹಾಲು ಕುಡಿಯುವ ಮಗುವಿನ ಕರುಳಿನಲ್ಲಿ ತುಂಬಿರುವ ಬಿಫಿಡೋಬ್ಯಾಕ್ಟೀರಿಯಂ ಕೂಡ ಬಹಳ ಕಾಲ ಲ್ಯಾಕ್ಟೋಬ್ಯಾಸಿಲಸ್ ಗುಂಪಿನಲ್ಲೇ ಇತ್ತು. ಅದು ಸಕ್ಕರೆಯನ್ನು ಒಡೆಯುವ ದಾರಿಯೇ ಬೇರೆ, ಅದಕ್ಕೆ ಬಳಸುವ ಕಿಣ್ವವೇ ಬೇರೆ ಎಂದು 1960ರ ದಶಕದಲ್ಲಿ ಜೀವರಸಾಯನ ಪರೀಕ್ಷೆಗಳು ತೋರಿಸಿದವು. ಅದರ ಪ್ರತ್ಯೇಕ ಕುಲ ಗಟ್ಟಿಯಾದದ್ದು ಆ ಸಾಕ್ಷ್ಯದಿಂದಲೇ. ಜೀನ್ ಓದುವ ಮೊದಲೇ ರಸಾಯನಶಾಸ್ತ್ರ ಸರಿಯಾದ ದಾರಿ ತೋರಿಸಿತ್ತು.

ಜೀನ್ ಓದಿದಾಗ ಕಂಡದ್ದು

1977ರಲ್ಲಿ ಕಾರ್ಲ್ ವೋಸ್ ಮತ್ತು ಅವರ ಸಂಗಡಿಗರು ಒಂದು ಹೊಸ ಅಳತೆಗೋಲನ್ನು ಮುಂದಿಟ್ಟರು. ಪ್ರತಿ ಜೀವಕೋಶಕ್ಕೂ ಪ್ರೊಟೀನ್ ತಯಾರಿಸಲು ರೈಬೋಸೋಮ್ ಬೇಕು. ಅದರ ಒಂದು ಭಾಗವನ್ನು ತಯಾರಿಸುವ 16ಎಸ್ ಎಂಬ ಜೀನ್ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ. ಸುಮಾರು 1,500 ಅಕ್ಷರಗಳ ಈ ಜೀನ್ ಬಹಳ ನಿಧಾನವಾಗಿ ಬದಲಾಗುತ್ತದೆ. ಹಾಗಾಗಿ ಎರಡು ಬ್ಯಾಕ್ಟೀರಿಯಾಗಳಲ್ಲಿ ಅದನ್ನು ಹೋಲಿಸಿದರೆ ಅವು ಎಷ್ಟು ಹಿಂದೆ ಬೇರೆಯಾದವು ಎಂದು ಅಂದಾಜು ಸಿಗುತ್ತದೆ.

ಆದರೆ ನಿಧಾನವಾಗಿ ಬದಲಾಗುವುದೇ ಇದರ ಮಿತಿ ಕೂಡ. ತೀರಾ ಹತ್ತಿರದ ಪ್ರಭೇದಗಳಲ್ಲಿ 16ಎಸ್ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಅದಕ್ಕೇ ಈಗ ಇಡೀ ಜೀನೋಮ್, ಅಂದರೆ ಎಲ್ಲ ಜೀನ್‌ಗಳನ್ನೂ ಒಳಗೊಂಡ ಪೂರ್ತಿ ಬರಹವನ್ನು ಓದಿ ಹೋಲಿಸುತ್ತಾರೆ. ಎರಡು ಜೀನೋಮ್‌ಗಳು ಸರಾಸರಿ 95ರಿಂದ 96 ಶೇಕಡಾಕ್ಕಿಂತ ಹೆಚ್ಚು ಹೊಂದಿದರೆ ಒಂದೇ ಪ್ರಭೇದ, ಅದಕ್ಕಿಂತ ಕಡಿಮೆಯಾದರೆ ಬೇರೆ ಎಂಬುದು ರೂಢಿಯಲ್ಲಿರುವ ಗೆರೆ. ಜೀನ್ ಹೇಳಿದ್ದನ್ನು ಕೋಶದ ಹೊರಗೋಡೆಯ ರಚನೆ, ಕೊಬ್ಬಿನಾಮ್ಲಗಳು, ಸಕ್ಕರೆ ಒಡೆಯುವ ದಾರಿ ಇವುಗಳ ಜೊತೆ ತಾಳೆ ನೋಡುತ್ತಾರೆ. ಎರಡೂ ಒಂದೇ ದಿಕ್ಕು ತೋರಿಸಿದರೆ ವಿಂಗಡಣೆ ಗಟ್ಟಿ.

ಮಂಡ್ಯದ ಕಡೆ ಜಮೀನಿಗೆ ಪೋಡಿ ಮಾಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ದೊಡ್ಡ ಸರ್ವೆ ನಂಬರೊಂದನ್ನು ಅಳೆದು ಹಿಸ್ಸಾ ಮಾಡಿದರೆ ಮಣ್ಣು ಜಾಗ ಬಿಟ್ಟು ಕದಲುವುದಿಲ್ಲ, ಬೆಳೆಯೂ ಬದಲಾಗುವುದಿಲ್ಲ. ಯಾವ ತುಂಡು ಯಾರದ್ದು ಎಂಬುದು ದಾಖಲೆಯಲ್ಲಿ ಸ್ಪಷ್ಟವಾಗುತ್ತದೆ. ಆದರೆ ಹಳೇ ನಂಬರಿನ ಮೇಲೆ ಮಾಡಿದ ಸಾಲದ ಪತ್ರ, ಕ್ರಯಪತ್ರಗಳನ್ನು ಹೊಸ ನಂಬರಿಗೆ ಹೊಂದಿಸುವ ತಾಪತ್ರಯ ಶುರುವಾಗುತ್ತದೆ. ಬ್ಯಾಕ್ಟೀರಿಯಾಗಳ ವಿಷಯದಲ್ಲೂ ಈಗಿನ ತಲೆನೋವು ಇರುವುದು ಈ ಹೊಂದಿಸುವ ಕೆಲಸದಲ್ಲೇ.

2020ರ ದೊಡ್ಡ ಪಾಲು

2020ರ ಏಪ್ರಿಲ್‌ನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನು 25 ಕುಲಗಳಾಗಿ ವಿಂಗಡಿಸಿದರು. ಅದರಲ್ಲಿ 23 ಹೊಸವು. ರಾಮ್ನೋಸಸ್ ಮತ್ತು ಕೇಸಿಯೈ ‘ಲ್ಯಾಕ್ಟಿಕೇಸಿಬ್ಯಾಸಿಲಸ್’ಗೆ ಹೋದವು. ಪ್ಲಾಂಟಾರಮ್ ‘ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್’ ಆಯಿತು. ರೂಟೆರಿ, ಫರ್ಮೆಂಟಮ್ ಎರಡೂ ‘ಲಿಮೋಸಿಲ್ಯಾಕ್ಟೋಬ್ಯಾಸಿಲಸ್’ ಆದವು. ಆಸಿಡೋಫಿಲಸ್ ಮತ್ತು ಯೋಗರ್ಟ್‌ನಲ್ಲಿ ಬಳಸುವ ಬಲ್ಗಾರಿಕಸ್ ಹಳೇ ಹೆಸರಿನಲ್ಲೇ ಉಳಿದವು. ಜನ ಹೆಚ್ಚಾಗಿ ಬಳಸುವ ಪ್ರಭೇದಗಳ ಹೊಸ ಹೆಸರುಗಳನ್ನು ಬೇಕೆಂದೇ ‘ಎಲ್’ ಅಕ್ಷರದಿಂದ ಶುರುವಾಗುವಂತೆ ಇಟ್ಟರು. ‘ಎಲ್. ರಾಮ್ನೋಸಸ್’ ಎಂದು ಚಿಕ್ಕದಾಗಿ ಬರೆಯುವವರಿಗೆ ಏನೂ ಬದಲಾಗಲಿಲ್ಲ. ಜನರ ಕಷ್ಟ ನೋಡಿ ಮಾಡಿದ ಒಳ್ಳೆಯ ಕೆಲಸ ಅದು.

ಈ ಪಾಲಿನಲ್ಲಿ ಜೀನ್ ಮತ್ತು ರಸಾಯನ ಎರಡೂ ಕೈಜೋಡಿಸಿದ್ದವು. ಸಕ್ಕರೆಯಿಂದ ಬಹುತೇಕ ಲ್ಯಾಕ್ಟಿಕ್ ಆಮ್ಲವನ್ನೇ ತಯಾರಿಸುವವು ಒಂದು ಕಡೆ. ಲ್ಯಾಕ್ಟಿಕ್ ಆಮ್ಲದ ಜೊತೆ ಇಂಗಾಲದ ಡೈಆಕ್ಸೈಡ್, ಆಲ್ಕೋಹಾಲ್ ಅಥವಾ ಅಸಿಟಿಕ್ ಆಮ್ಲವನ್ನೂ ಬಿಡುವವು ಇನ್ನೊಂದು ಕಡೆ. ಈ ಹಳೇ ಗೆರೆ ಜೀನೋಮ್‌ನಿಂದ ಬರೆದ ವಂಶವೃಕ್ಷದಲ್ಲೂ ಎದ್ದು ಕಂಡಿತು.

ಹೊಸ ಹೆಸರಿನಿಂದ ವೈದ್ಯರಿಗೂ ಒಂದು ಉಪಯೋಗ ಇದೆ. ವ್ಯಾಂಕೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ರಾಮ್ನೋಸಸ್, ಪ್ಲಾಂಟಾರಮ್, ರೂಟೆರಿಗಳ ಮೇಲೆ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಈಗಲೂ ಲ್ಯಾಕ್ಟೋಬ್ಯಾಸಿಲಸ್ ಆಗಿ ಉಳಿದಿರುವವುಗಳ ಮೇಲೆ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ತೀರಾ ನಿಶ್ಶಕ್ತ ರೋಗಿಗಳಲ್ಲಿ ಅಪರೂಪಕ್ಕೆ ಈ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಸೇರುವುದುಂಟು. ಆಗ ಲ್ಯಾಬ್ ರಿಪೋರ್ಟ್ ‘ಲ್ಯಾಕ್ಟೋಬ್ಯಾಸಿಲಸ್’ ಎಂದಷ್ಟೇ ಹೇಳಿದರೆ ಸಾಲದು. ಹೊಸ ಕುಲದ ಹೆಸರು ಬರೆದಿದ್ದರೆ ಯಾವ ಔಷಧಿ ಬೇಡ ಎಂಬ ಸುಳಿವು ಅದರಲ್ಲೇ ಸಿಗುತ್ತದೆ.

ನಮ್ಮ ಮೆಡಿಕಲ್ ಸ್ಟೋರ್‌ನ ಎರಡು ಹೆಸರು

ಭಾರತದಲ್ಲಿ ಗೊಂದಲ ಹೆಚ್ಚಾಗಲು ನಮ್ಮದೇ ಕಾರಣಗಳೂ ಇವೆ. ಇಲ್ಲಿನ ಎಷ್ಟೋ ಮಾತ್ರೆಗಳ ಮೇಲೆ ಇಂದಿಗೂ ‘ಲ್ಯಾಕ್ಟೋಬ್ಯಾಸಿಲಸ್ ಸ್ಪೋರೋಜೀನಸ್’ ಎಂಬ ಹೆಸರಿದೆ. ಲ್ಯಾಕ್ಟೋಬ್ಯಾಸಿಲಸ್‌ಗಳು ಬೀಜಾಣು ಕಟ್ಟುವುದಿಲ್ಲ, ಇದು ಕಟ್ಟುತ್ತದೆ. ಹೊಟ್ಟೆಯ ಆಮ್ಲವನ್ನೂ ಅಂಗಡಿಯ ಸೆಕೆಯನ್ನೂ ತಡೆದುಕೊಂಡು ಉಳಿಯುವುದು ಆ ಬೀಜಾಣುವಿನಿಂದಲೇ. 1932ರಲ್ಲಿ ಈ ಹೆಸರಿಟ್ಟವರು ಲ್ಯಾಕ್ಟಿಕ್ ಆಮ್ಲವನ್ನು ನೋಡಿ ಇಟ್ಟಿದ್ದರು. ಅದು 1915ರಲ್ಲೇ ವರ್ಣಿಸಿದ್ದ ಬ್ಯಾಸಿಲಸ್ ಕೋಆಗ್ಯುಲನ್ಸ್ ಎಂದು 1930ರ ದಶಕ ಮುಗಿಯುವ ಮೊದಲೇ ಗೊತ್ತಾಗಿತ್ತು. ಅದಾದ ಮೇಲೂ ನಮ್ಮಲ್ಲಿ ತಪ್ಪು ಹೆಸರು ಪೆಟ್ಟಿಗೆಯ ಮೇಲೆ ಮುಂದುವರಿದಿದೆ. ಅಷ್ಟರಲ್ಲಿ ಸರಿಯಾದ ಹೆಸರೂ ಬದಲಾಯಿತು: 2020ರಲ್ಲಿ ‘ವೈಜ್‌ಮನ್ನಿಯಾ ಕೋಆಗ್ಯುಲನ್ಸ್’, 2023ರಲ್ಲಿ ‘ಹೇಂಡ್ರಿಕ್ಸಿಯಾ ಕೋಆಗ್ಯುಲನ್ಸ್’. ಜನ ಒಂದು ಹೆಸರಿಗೆ ಒಗ್ಗಿಕೊಳ್ಳುವ ಮೊದಲೇ ಇನ್ನೊಂದು ಬಂದರೆ ಸಿಟ್ಟು ಬರುವುದು ನ್ಯಾಯವೇ.

ಎರಡನೆಯದು ಮಕ್ಕಳಿಗೆ ಭೇದಿಯಾದಾಗ ಕುಡಿಸುವ ಪುಟ್ಟ ಪ್ಲಾಸ್ಟಿಕ್ ಸೀಸೆಯ ಔಷಧಿ. ಅದರಲ್ಲಿರುವ ಬ್ಯಾಕ್ಟೀರಿಯಾ ಮೊದಲು ‘ಬ್ಯಾಸಿಲಸ್ ಸಬ್ಟಿಲಿಸ್’ ಎಂದು ಮಾರಾಟವಾಗುತ್ತಿತ್ತು. 2001ರಲ್ಲಿ ಇಟಲಿಯ ಸಂಶೋಧಕರು ಜೀನ್ ಪರೀಕ್ಷಿಸಿ ಅದು ‘ಬ್ಯಾಸಿಲಸ್ ಕ್ಲಾಸಿಯೈ’ ಎಂದು ತೋರಿಸಿದರು. 2020ರಲ್ಲಿ ಅದು ‘ಆಲ್ಕಲಿಹ್ಯಾಲೋಬ್ಯಾಸಿಲಸ್’ ಕುಲಕ್ಕೆ ಹೋಯಿತು. ಅದರ ಮರುವರ್ಷ ಬಂದ ಬದಲಾವಣೆಯಲ್ಲಿ ನಮ್ಮವರ ಕೈ ಇದೆ. ಮಹಾರಾಷ್ಟ್ರದ ಲೋನಾರ್ ಸರೋವರದ ಕ್ಷಾರದ ನೀರಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಒಂದನ್ನು ಪುಣೆಯ ಸಂಶೋಧಕರು ಪರಿಶೀಲಿಸುತ್ತಿದ್ದರು. ಅದರ ನೆಂಟರನ್ನೆಲ್ಲ ಜೀನೋಮ್ ಮಟ್ಟದಲ್ಲಿ ಹೋಲಿಸಿದಾಗ ಆ ದೊಡ್ಡ ಕುಲವನ್ನೇ ಒಡೆಯಬೇಕಾಯಿತು. ಹಾಗೆ ಕ್ಲಾಸಿಯೈ ‘ಶೂಚೆಲ್ಲಾ ಕ್ಲಾಸಿಯೈ’ ಆಯಿತು.

ಇಲ್ಲಿ ಗಮನಿಸಬೇಕಾದ್ದು ಬೇರೆಯೇ ಇದೆ. ಆ ಸೀಸೆಯಲ್ಲಿರುವುದು ನಾಲ್ಕು ತಳಿಗಳು: ಓ/ಸಿ, ಎನ್/ಆರ್, ಎಸ್‌ಐಎನ್ ಮತ್ತು ಟಿ. ಯಾವ ಆ್ಯಂಟಿಬಯಾಟಿಕ್‌ಗೆ ಯಾವುದು ಬಗ್ಗುವುದಿಲ್ಲ ಎಂಬುದನ್ನು ಈ ಅಕ್ಷರಗಳು ಸೂಚಿಸುತ್ತವೆ. ಹೆಸರು ಮೂರು ಸಲ ಬದಲಾದರೂ ಈ ತಳಿಗಳ ಗುರುತು ಬದಲಾಗಲಿಲ್ಲ. ಪ್ರಯೋಗಗಳು ನಡೆದದ್ದು ಆ ತಳಿಗಳ ಮೇಲೆ. ಗುಣ ಸಿಕ್ಕಿದ್ದರೆ ಅದೂ ಆ ತಳಿಗಳಿಗೇ ಸೇರಬೇಕು.

ಮುದ್ದೆ ತಿನ್ನುವವರು ಗಮನಿಸಬೇಕಾದ ಒಂದು ಬದಲಾವಣೆ

ಮೇಲೆ ಹೇಳಿದ್ದೆಲ್ಲ ಹೊರಗಿನಿಂದ ನುಂಗುವ ಬ್ಯಾಕ್ಟೀರಿಯಾಗಳ ಮಾತು. ಕರುಳಿನಲ್ಲೇ ನೆಲೆಸಿರುವವುಗಳಲ್ಲಿ ನಮಗೆ ತುಂಬಾ ಮುಖ್ಯವಾದದ್ದು ಪ್ರಿವೊಟೆಲ್ಲಾ ಕೊಪ್ರಿ. ಕಾಳು, ಧಾನ್ಯ, ಸೊಪ್ಪು ತರಕಾರಿ ಹೆಚ್ಚಾಗಿ ತಿನ್ನುವ ಜನರಲ್ಲಿ ಇದು ಜಾಸ್ತಿ. ಭಾರತೀಯರ ಮೇಲೆ ನಡೆದ ಹಲವು ಅಧ್ಯಯನಗಳಲ್ಲೂ ಪ್ರಿವೊಟೆಲ್ಲಾ ಎದ್ದು ಕಂಡಿದೆ. ರಾಗಿ ಮುದ್ದೆ, ಹುರುಳಿಕಾಳು, ಸೊಪ್ಪಿನ ಸಾರು ಎಂದು ನಾರು ತುಂಬಿದ ಊಟ ಮಾಡುವ ಮಂಡ್ಯ ಸೀಮೆಯವರು ಇದರ ಬಗ್ಗೆ ತಿಳಿದಿರಬೇಕಾದ್ದು ಸಹಜ.

ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ಬಗ್ಗೆ ವಿಜ್ಞಾನದಲ್ಲಿ ಎದುರು ಬದುರು ಮಾತು ಬಂದಿದೆ. 2013ರಲ್ಲಿ ಅಮೆರಿಕದ ಅಧ್ಯಯನವೊಂದು ಹೊಸದಾಗಿ ಸಂಧಿವಾತ ಶುರುವಾದವರ ಕರುಳಿನಲ್ಲಿ ಇದು ಹೆಚ್ಚಿದೆ ಎಂದಿತು. 2015ರಲ್ಲಿ ಸ್ವೀಡನ್‌ನಲ್ಲಿ ಬಾರ್ಲಿ ಬ್ರೆಡ್ ತಿಂದವರನ್ನು ನೋಡಿದಾಗ, ಯಾರ ಸಕ್ಕರೆ ಪ್ರಮಾಣ ಚೆನ್ನಾಗಿ ಹತೋಟಿಗೆ ಬಂತೋ ಅವರಲ್ಲಿ ಇದು ಜಾಸ್ತಿ ಇತ್ತು. ಮರುವರ್ಷ ಡೆನ್ಮಾರ್ಕ್‌ನ ಅಧ್ಯಯನ ಅದನ್ನೇ ತಿರುಗಿಸಿತು: ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದವರಲ್ಲಿ ಇದರ ಪಾತ್ರ ಇದೆ ಎಂದಿತು. ಸಕ್ಕರೆ ಕಾಯಿಲೆ ಇಷ್ಟು ಹೆಚ್ಚಿರುವ ನಮ್ಮ ಕಡೆಯವರು ಯಾವುದನ್ನು ನಂಬಬೇಕು?

ಇದಕ್ಕೆ ಮರುವಿಂಗಡಣೆ ಒಂದು ದಾರಿ ತೋರಿಸಿದೆ. 2019ರಲ್ಲಿ ಜೀನೋಮ್‌ಗಳನ್ನು ಹೋಲಿಸಿದಾಗ ‘ಕೊಪ್ರಿ’ ಎಂದು ಕರೆಯುತ್ತಿದ್ದದ್ದು ಒಂದಲ್ಲ, ಸ್ಪಷ್ಟವಾಗಿ ಬೇರೆಯಾದ ನಾಲ್ಕು ಗುಂಪು ಎಂದು ಕಂಡಿತು. ಪಾಶ್ಚಾತ್ಯ ಊಟಕ್ಕೆ ಒಗ್ಗಿದವರಲ್ಲಿ ಕೆಲವೇ ಗುಂಪು ಇದ್ದರೆ, ಬೇರೆ ಕಡೆಯವರಲ್ಲಿ ಹಲವು ಒಟ್ಟಿಗೇ ಇದ್ದವು. 2022ರಲ್ಲಿ ಪ್ರಿವೊಟೆಲ್ಲಾ ಕುಲವನ್ನೇ ಒಡೆದು ಇದನ್ನು ‘ಸೆಗಟೆಲ್ಲಾ ಕೊಪ್ರಿ’ ಮಾಡಿದರು. 2023ರ ಹೊತ್ತಿಗೆ ಗುಂಪುಗಳ ಸಂಖ್ಯೆ 13ಕ್ಕೆ ಏರಿತು, ಒಂದೊಂದೂ ಒಂದು ಪ್ರಭೇದದಷ್ಟು ಬೇರೆ. ಅಂದರೆ ಅಮೆರಿಕದವರು ಒಂದನ್ನು, ಸ್ವೀಡನ್‌ನವರು ಇನ್ನೊಂದನ್ನು ನೋಡಿ ಒಂದೇ ಹೆಸರಿನಲ್ಲಿ ಬರೆದಿರುವ ಸಾಧ್ಯತೆ ಇದೆ. ಜಗಳವೆಲ್ಲ ಇದರಿಂದಲೇ ಎನ್ನುವಷ್ಟು ಸಾಕ್ಷ್ಯ ಇನ್ನೂ ಇಲ್ಲ. ಊಟ, ವಯಸ್ಸು, ಔಷಧಿಗಳೂ ಫಲಿತಾಂಶವನ್ನು ಬದಲಿಸುತ್ತವೆ. ಆದರೆ ಒಟ್ಟಿಗೆ ಕಟ್ಟಿಟ್ಟದ್ದನ್ನು ಬಿಡಿಸದೆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಎಂಬುದಂತೂ ನಿಜ.

ಹಾಗಾಗಿ ಗಟ್ ಟೆಸ್ಟ್ ವರದಿಯಲ್ಲಿ ‘ಪ್ರಿವೊಟೆಲ್ಲಾ ಹೆಚ್ಚು, ಎಚ್ಚರ’ ಎಂದು ಕೆಂಪು ಬಣ್ಣದಲ್ಲಿ ಬಂದರೆ ಹೆದರಿ ಮುದ್ದೆ ಬಿಡಬೇಕಿಲ್ಲ. ಇಂಥ ಟೆಸ್ಟ್‌ಗಳಲ್ಲಿ ಹಲವು 16ಎಸ್ ಜೀನಿನ ಒಂದು ತುಂಡನ್ನು ಮಾತ್ರ ಓದುತ್ತವೆ. ಅಷ್ಟರಿಂದ ಈ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಆಗುವುದಿಲ್ಲ.

ಬೇಡ ಎನ್ನುವವರ ವಾದ

ಬದಲಾವಣೆಗೆ ಅಡ್ಡ ಹೇಳುವವರು ವಿಜ್ಞಾನ ವಿರೋಧಿಗಳೇನಲ್ಲ. ಅವರಲ್ಲಿ ಹೆಚ್ಚಿನವರು ಆಸ್ಪತ್ರೆಯ ವೈದ್ಯರು, ಲ್ಯಾಬ್‌ನವರು. ಆ್ಯಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಕೆಲವರಿಗೆ ಜೋರು ಭೇದಿ ತರುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅನ್ನೇ ನೋಡಿ. ಅದು ನಿಜವಾದ ಕ್ಲಾಸ್ಟ್ರಿಡಿಯಂಗಳಿಂದ ತುಂಬಾ ದೂರ ಎಂದು ಜೀನ್ ಹೇಳುತ್ತದೆ. 2013ರಲ್ಲಿ ಕೆಲವರು ‘ಪೆಪ್ಟೋಕ್ಲಾಸ್ಟ್ರಿಡಿಯಂ’ ಎಂಬ ಹೆಸರು ಸೂಚಿಸಿದರು. ಆಗ ಜಗತ್ತಿನ ಆಸ್ಪತ್ರೆಗಳಲ್ಲಿ ‘ಸಿ. ಡಿಫ್’ ಎಂದು ಬರೆದಿರುವ ಚೀಟಿ, ಕಿಟ್, ಸಾಫ್ಟ್‌ವೇರ್ ಎಲ್ಲವನ್ನೂ ಬದಲಾಯಿಸಬೇಕಾಗುತ್ತಿತ್ತು. 2016ರಲ್ಲಿ ‘ಕ್ಲಾಸ್ಟ್ರಿಡಿಯಾಯ್ಡಿಸ್’ ಎಂದು ಇಟ್ಟು ‘ಸಿ’ ಉಳಿಸಿದರು.

ಇನ್ನೂ ಗಂಭೀರವಾದ ಉದಾಹರಣೆ ಪ್ಲೇಗಿನದು. ಮೈಸೂರಿಗೆ ಪ್ಲೇಗ್ ಎಂದರೆ ಬರೀ ಪುಸ್ತಕದ ಮಾತಲ್ಲ. ಆ ಹೊಡೆತದ ನಂತರವೇ 1903ರಲ್ಲಿ ಇಲ್ಲಿ ನಗರ ಸುಧಾರಣೆಯ ಟ್ರಸ್ಟ್ ಬೋರ್ಡ್ ಬಂದು, ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಹೊಸ ಬಡಾವಣೆ ಕಟ್ಟಿತು. ಪ್ಲೇಗ್ ತರುವ ಯೆರ್ಸಿನಿಯಾ ಪೆಸ್ಟಿಸ್, ಹೊಟ್ಟೆ ನೋವು ತರುವ ಯೆರ್ಸಿನಿಯಾ ಸ್ಯೂಡೋಟ್ಯುಬರ್ಕ್ಯುಲೋಸಿಸ್ ಎರಡೂ ಜೀನ್ ಪ್ರಕಾರ ಒಂದೇ ಪ್ರಭೇದ. ಹಾಗಾಗಿ ಪೆಸ್ಟಿಸ್ ಅನ್ನು ಎರಡನೆಯದರ ಹೆಸರಿನೊಳಗೆ ಸೇರಿಸಲು ಸೂಚಿಸಿದ್ದರು. ಆದರೆ ಪ್ಲೇಗ್ ಬ್ಯಾಕ್ಟೀರಿಯಾಕ್ಕೆ ಸೌಮ್ಯ ರೋಗದ ಹೆಸರು ಬಂದರೆ ಲ್ಯಾಬ್‌ನಲ್ಲಿ ಯಾರಾದರೂ ಎಚ್ಚರ ತಪ್ಪಿ ಜೀವಕ್ಕೇ ಕುತ್ತು ಬರಬಹುದು. ಅದಕ್ಕೇ 1985ರಲ್ಲಿ ಅಂತರರಾಷ್ಟ್ರೀಯ ನ್ಯಾಯ ಆಯೋಗ ಆ ಹೆಸರನ್ನು ತಿರಸ್ಕರಿಸಿತು. ಬ್ಯಾಕ್ಟೀರಿಯಾಗಳ ಹೆಸರಿಗೆ ಸಂಬಂಧಿಸಿದ ಆಯೋಗ ಅದು. ಆಮಶಂಕೆ ತರುವ ಶಿಗೆಲ್ಲಾ ಕೂಡ ಜೀನ್ ಪ್ರಕಾರ ಇ. ಕೋಲೈ ಒಳಗೇ ಬರುತ್ತದೆ. ಅದನ್ನೂ ರೋಗದ ಕಾರಣಕ್ಕೆ ಬೇರೆಯಾಗೇ ಉಳಿಸಿಕೊಂಡಿದ್ದಾರೆ.

ಬಹಳ ಜನಕ್ಕೆ ಗೊತ್ತಿರದ ಒಂದು ವಿಷಯ ಇಲ್ಲಿದೆ. ಹೆಸರು ಹೇಗಿಡಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ನಿಯಮಗಳಿವೆ. ಯಾವ ವಿಂಗಡಣೆಯನ್ನು ಒಪ್ಪಬೇಕು ಎಂಬುದಕ್ಕೆ ನಿಯಮ ಇಲ್ಲ. ಕ್ರಮಬದ್ಧವಾಗಿ ಪ್ರಕಟವಾದ ಹಳೇ ಹೆಸರು ಕಾನೂನು ಪ್ರಕಾರ ಸತ್ತುಹೋಗುವುದಿಲ್ಲ. ಆದ್ದರಿಂದ ‘ಹಳೇ ಹೆಸರು ರದ್ದು’ ಎಂಬ ಶೀರ್ಷಿಕೆ ತಪ್ಪು. ವಿಜ್ಞಾನಿಗಳು ಒಪ್ಪಿ ಬಳಸುತ್ತಾ ಹೋದ ಹಾಗೆ ಹೊಸದು ನೆಲೆಯೂರುತ್ತದೆ.

ಪೆಟ್ಟಿಗೆಯ ಮೇಲೆ ಏನು ಬೇಕು

ಮರುವಿಂಗಡಣೆ ಆಗಲೇಬೇಕು. ಪ್ರಿವೊಟೆಲ್ಲಾದ ಉದಾಹರಣೆಯೊಂದೇ ಅದಕ್ಕೆ ಸಾಕು. ಆದರೆ ಅದರ ಹೊರೆಯನ್ನು ಔಷಧಿ ಕೊಳ್ಳುವವರ ತಲೆಗೆ ಕಟ್ಟಬಾರದು. ಕೆಲವು ವರ್ಷ ಹೊಸ ಹೆಸರು, ಹಳೇ ಹೆಸರು ಎರಡನ್ನೂ ಪೆಟ್ಟಿಗೆಯ ಮೇಲೆ ಮುದ್ರಿಸುವುದು ಕಷ್ಟದ ಕೆಲಸವಲ್ಲ. ಲ್ಯಾಬ್ ರಿಪೋರ್ಟ್‌ಗಳಲ್ಲೂ ಹಾಗೇ ಮಾಡಬಹುದು. ಇಲ್ಲದಿದ್ದರೆ ವೈದ್ಯರು ಬರೆದ ಹೆಸರು ಒಂದು, ಅಂಗಡಿಯವರು ಕೊಟ್ಟದ್ದರ ಮೇಲೆ ಇನ್ನೊಂದು ಎಂದಾಗಿ, ಬೇರೆ ಮಾತ್ರೆ ಎಂದುಕೊಂಡು ರೋಗಿ ವಾಪಸ್ ಕೊಡುತ್ತಾನೆ, ಅಥವಾ ಎರಡನ್ನೂ ನುಂಗುತ್ತಾನೆ.

ಎರಡು ಹೆಸರಿಗಿಂತಲೂ ಮುಖ್ಯವಾದದ್ದು ತಳಿಯ ಗುರುತು. ಪ್ರೋಬಯಾಟಿಕ್ ಆಹಾರಗಳ ಲೇಬಲ್ ಮೇಲೆ ಕುಲ, ಪ್ರಭೇದ, ತಳಿ ಮೂರೂ ಇರಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2011ರ ಮಾರ್ಗಸೂಚಿಯೇ ಹೇಳುತ್ತದೆ. ರಾಮ್ನೋಸಸ್ ಎಂಬ ಒಂದೇ ಪ್ರಭೇದದಲ್ಲಿ ‘ಜಿಜಿ’ ಎಂಬ ತಳಿಯ ಮೇಲೆ ನಡೆದಷ್ಟು ಅಧ್ಯಯನ ಉಳಿದವುಗಳ ಮೇಲೆ ನಡೆದಿಲ್ಲ. ‘ರಾಮ್ನೋಸಸ್ ಇದೆ’ ಎಂದಷ್ಟೇ ಬರೆದು ‘ಜಿಜಿ’ಯ ಹೆಸರಿನಲ್ಲಿ ಬಂದ ಒಳ್ಳೆಯ ಫಲಿತಾಂಶವನ್ನು ತನ್ನದೆಂದು ಹೇಳಿಕೊಳ್ಳುವುದು ಸರಿಯಲ್ಲ. ಕೊಳ್ಳುವವರು ಹೊಸ ಹೆಸರೋ ಹಳೇ ಹೆಸರೋ ಎಂದು ತಲೆ ಕೆಡಿಸಿಕೊಳ್ಳುವ ಬದಲು, ತಳಿ ಬರೆದಿದೆಯೇ ಎಂದು ನೋಡಲಿ. ಇಲ್ಲದಿದ್ದರೆ ಅಂಗಡಿಯವರನ್ನು, ವೈದ್ಯರನ್ನು ಕೇಳಲಿ.

ಸಂಶೋಧನೆ ಮಾಡುವವರ ಕಷ್ಟ ಇನ್ನೊಂದು. ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಎಲ್ಲ ಇರುವ ಮೈಸೂರಿನಲ್ಲಿ ಹುದುಗಿಸಿದ ಆಹಾರದ ಬಗ್ಗೆ ಓದುವ ವಿದ್ಯಾರ್ಥಿಗಳು ಸಾಕಷ್ಟಿದ್ದಾರೆ. ಇಡ್ಲಿ ಹಿಟ್ಟಿನ ಬಗ್ಗೆ 1960ರ ದಶಕದ ಲೇಖನ ತೆಗೆದರೆ ‘ಸ್ಟ್ರೆಪ್ಟೋಕಾಕಸ್ ಫೀಕಾಲಿಸ್’ ಸಿಗುತ್ತದೆ. ಅದು 1984ರಿಂದ ‘ಎಂಟೆರೋಕಾಕಸ್ ಫೀಕಾಲಿಸ್’. ಒಂದೇ ಹೆಸರಿನಲ್ಲಿ ಹುಡುಕಿದರೆ ಅರ್ಧ ಸಾಹಿತ್ಯ ಕಣ್ಣಿಗೇ ಬೀಳುವುದಿಲ್ಲ.

ಹೆಸರೇ ಇಲ್ಲದವು

ಬದಲಾವಣೆ ಇಲ್ಲಿಗೆ ನಿಲ್ಲುವುದಿಲ್ಲ. 2020ರಲ್ಲಿ ಮನುಷ್ಯನ ಕರುಳಿನ ಎರಡು ಲಕ್ಷಕ್ಕೂ ಹೆಚ್ಚು ಜೀನೋಮ್‌ಗಳನ್ನು ಒಟ್ಟುಗೂಡಿಸಿದಾಗ 4,644 ಪ್ರಭೇದಗಳು ಲೆಕ್ಕಕ್ಕೆ ಸಿಕ್ಕವು. ಅದರಲ್ಲಿ 70 ಶೇಕಡಾಕ್ಕಿಂತ ಹೆಚ್ಚಿನವನ್ನು ಯಾರೂ ಲ್ಯಾಬ್‌ನಲ್ಲಿ ಬೆಳೆಸಿಲ್ಲ. ಹಳೇ ನಿಯಮದ ಪ್ರಕಾರ ಹೆಸರಿಡಬೇಕಾದರೆ ಜೀವಂತ ಮಾದರಿಯನ್ನು ಎರಡು ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ಬೆಳೆಸಲಾಗದ್ದನ್ನು ಇಡುವುದು ಹೇಗೆ? ಅದಕ್ಕಾಗಿ 2022ರಲ್ಲಿ ‘ಸೀಕ್‌ಕೋಡ್’ ಎಂಬ ಬೇರೆ ನಿಯಮಾವಳಿ ಬಂತು. ಅದು ಜೀನೋಮ್ ಒಂದನ್ನೇ ಆಧಾರವಾಗಿಟ್ಟು ಹೆಸರಿಡಲು ಬಿಡುತ್ತದೆ. ಜೀವಂತ ಮಾದರಿ ಇಲ್ಲದಿದ್ದರೆ ರಸಾಯನ ಪರೀಕ್ಷೆಯೂ ಇಲ್ಲ, ಜೀನ್ ಹೇಳಿದ್ದನ್ನು ತಾಳೆ ನೋಡಲು ಆಗುವುದಿಲ್ಲ ಎಂಬುದು ಹಳೇ ಪಕ್ಷದವರ ಆಕ್ಷೇಪ. ಅದರಲ್ಲಿ ತೂಕ ಇದೆ.

ಈವರೆಗೆ ಓದಿದ ಜೀನೋಮ್‌ಗಳಲ್ಲಿ ದೊಡ್ಡ ಪಾಲು ಯುರೋಪ್, ಅಮೆರಿಕ ಮತ್ತು ಚೀನಾದವರದ್ದು. ರಾಗಿ, ಹುರುಳಿ, ಮಜ್ಜಿಗೆ ಉಂಡು ಬೆಳೆದವರ ಕರುಳಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಪರೀಕ್ಷಿಸಿ, ಸಂಗ್ರಹಾಲಯಕ್ಕೆ ಸೇರಿಸುವ ಕೆಲಸ ಇಲ್ಲೇ ಆಗಬೇಕು. ಅದಕ್ಕೆ ಬೇಕಾದ ಲ್ಯಾಬ್‌ಗಳು ಮೈಸೂರಿನಲ್ಲಿವೆ, ಮಾದರಿ ಕೊಡಬಲ್ಲ ಜನ ಮಂಡ್ಯದ ಹಳ್ಳಿಗಳಲ್ಲಿದ್ದಾರೆ.